ತಂಗಿಗೆ ಮಾತ್ರ ಕಲಿಸಿದ ಬೆಳ್ಳಿಯ ಸದ್ದು

ಕುರ್ಲಾದ ತವರುಮನೆ ಖಾಲಿ ಮಾಡುವಾಗ ತಮ್ಮನ ಸೊಸೆಗೆ ಅಟ್ಟದ ಮೇಲೆ ಒಂದು ಬಿಸ್ಕೆಟ್ ಡಬ್ಬಿ ಸಿಕ್ಕಿತು. ಅದರ ತುಂಬ ನಮ್ಮಪ್ಪನ ಕಾಲದ ನಾಣ್ಯಗಳು. ವಿಲೆ ಪಾರ್ಲೆಯ ನನ್ನ ಫ್ಲ್ಯಾಟಿಗೆ ತಂದಿಟ್ಟು, "ಅತ್ತೆ, ಚಾಂದಿಯದ್ದು ನೀವಿಬ್ಬರು ಅಕ್ಕತಂಗಿ ತಗೊಳ್ಳಿ. ಬಾಕಿದು ಬಚ್ಚಾ ಲೋಗ್‌ಗೆ," ಎಂದು ಹೇಳಿ ಹೋದಳು.

ಭಾಂಡುಪ್‌ನಲ್ಲಿರುವ ತಂಗಿಗೆ ಆಗಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಅವಳು ಬಂದರೆ ಒಂದೊಂದನ್ನೇ ಚಿಮ್ಮಿ "ಇದು ಬೆಳ್ಳಿ, ಇದು ಅಲ್ಲ" ಅನ್ನುತ್ತಾಳೆ, ನಾನು ಅಸಿಸ್ಟೆಂಟ್ ಹಾಗೆ ತಟ್ಟೆ ಹಿಡಿದು ಕೂತಿರಬೇಕು. ಈ ಒಂದು ಸಲವಾದರೂ ಅಪ್ಪನ ಬೆಳ್ಳಿಯನ್ನು ನಾನೇ ಗುರುತಿಸಬೇಕು ಎಂದು ಹಠ. ಸಿಲ್ಲಿ, ಈ ವಯಸ್ಸಿಗೆ. ಆದರೆ ಹೊಟ್ಟೆಕಿಚ್ಚಿಗೆ ರಿಟೈರ್‌ಮೆಂಟ್ ಇಲ್ಲವಲ್ಲ.

ಅಪ್ಪನದು ಕುರ್ಲಾ ಸ್ಟೇಷನ್ ಹತ್ತಿರ ಚಿಕ್ಕ ಹೋಟೆಲು. ದುಡ್ಡಿನ ಗಲ್ಲೆಯ ಮುಂದೆ ಅಮೃತಶಿಲೆಯ ಹಲಗೆ. ಬ್ರಿಟಿಷ್ ರಾಜನ ತಲೆಯ ಹಳೆ ರೂಪಾಯಿ, ನಾಲ್ಕಾಣೆಯ ಪಾವಲಿ ಅಪರೂಪಕ್ಕೆ ಗಿರಾಕಿಗಳ ಕೈಯಿಂದ ಆಗಲೂ ಬರುತ್ತಿದ್ದವು. ಬಂದರೆ ಅಪ್ಪ ಅದನ್ನು ಹಲಗೆಯ ಮೇಲೆ ಚಿಮ್ಮಿ, ತಲೆ ವಾಲಿಸಿ ಕೇಳುತ್ತಿದ್ದರು. ಬೆಳ್ಳಿಯಾದರೆ ಡಬ್ಬಿಗೆ, ಖೋಟಾ ಆದರೆ ಗಿರಾಕಿಗೇ ವಾಪಸ್. ಆಮೇಲೆ ನನ್ನ ತಮ್ಮ ಕಂಡಕಂಡ ಹಳೆ ಚಿಲ್ಲರೆಯನ್ನೆಲ್ಲ ಅದೇ ಡಬ್ಬಿಗೆ ಸುರಿದ.

ನಾವಿಬ್ಬರೂ ಕಾನ್ವೆಂಟಿಗೇ ಹೋದವರು. ಒಂದು ವರ್ಷ ಮಾತ್ರ ತಂಗಿಗೆ ಎದೆ ವೀಕ್ ಎಂದು ಶಾಲೆ ಬಿಡಿಸಿ, ಅಪ್ಪ ಹೋಟೆಲಿಗೆ ಕರೆದೊಯ್ಯುತ್ತಿದ್ದರು. ಸಂಜೆ ನಾನು ಯೂನಿಫಾರ್ಮಿನಲ್ಲೇ ಅಲ್ಲಿಗೆ ಹೋದರೆ, ಅವಳು ಸೋಡಾ ಕ್ರೇಟಿನ ಮೇಲೆ ರಾಣಿಯ ಹಾಗೆ ಕೂತಿರುತ್ತಿದ್ದಳು. ಅಪ್ಪ ಒಂದು ಕೈಯಿಂದ ಅವಳ ಕಣ್ಣು ಮುಚ್ಚಿ ಇನ್ನೊಂದರಿಂದ ನಾಣ್ಯ ಚಿಮ್ಮಿ, "ಹೇಳು ನೋಡುವ?" ಅನ್ನುತ್ತಿದ್ದರು. "ಬೆಳ್ಳಿ!" ಎಂದು ಅವಳು ಕಿರುಚಿದರೆ ವೇಟರುಗಳೂ ನಗುತ್ತಿದ್ದರು.

"ನನಗೂ ಕಲಿಸಿ ಅಪ್ಪ," ಎಂದಿದ್ದೆ.

"ನಿನಗೆ ಇದೆಲ್ಲ ಎಂತಕ್ಕೆ ಮಗಾ? ನೀನು ಇಂಗ್ಲಿಷ್ ಓದು."

ಹೆಮ್ಮೆಯಿಂದಲೇ ಹೇಳಿದ್ದು, ಗೊತ್ತು. ನಾನು ಎಲೊಕ್ಯೂಷನ್ ಕಪ್ ತಂದಾಗ ಅದನ್ನು ಗಲ್ಲೆಯ ಮೇಲಿಟ್ಟು ಊರಿಗೆಲ್ಲ ತೋರಿಸಿದರು. ಆದರೆ ಏಲಕ್ಕಿ ವಾಸನೆಯ ಆ ಅಂಗೈ ನನ್ನ ಕಣ್ಣಿನ ಮೇಲೆ ಒಮ್ಮೆಯೂ ಬರಲಿಲ್ಲ.

ಫ್ರಿಜ್ಜಿನ ಬಾಗಿಲಲ್ಲಿದ್ದ ಮ್ಯಾಗ್ನೆಟ್ ಕಿತ್ತು ತಂದೆ. ಬೆಳ್ಳಿ ಅಂಟುವುದಿಲ್ಲ, ನಿಕ್ಕಲ್ ಅಂಟುತ್ತದೆ. ಹುಲಿಯ ಚಿತ್ರವಿರುವ ನಲವತ್ತೇಳನೇ ಇಸವಿಯ ರೂಪಾಯಿಗಳು ನೋಡಲು ಎಷ್ಟು ಚೆಂದ! ಟಕ್ಕೆಂದು ಅಂಟಿಕೊಂಡವು. ಮ್ಯಾಗ್ನಿಫೈಯಿಂಗ್ ಗ್ಲಾಸ್ ಹಿಡಿದು ಇಸವಿ ಓದಿದೆ. ಮೂವತ್ತೊಂಬತ್ತರವರೆಗಿನ ರೂಪಾಯಿ ಹೆಚ್ಚುಕಡಿಮೆ ಪೂರ್ತಿ ಬೆಳ್ಳಿ. ಅಲ್ಲಿಂದ ನಲವತ್ತೈದರವರೆಗಿನ ಯುದ್ಧಕಾಲದವು ಅರ್ಧ ಬೆಳ್ಳಿ. ಕೊನೆಗೆ ಉಳಿದವು ಸವೆದು ರಾಜನ ಮೂಗೂ ಇಲ್ಲದ, ಇಸವಿಯೂ ಇಲ್ಲದ ಕೆಲವು. ಮ್ಯಾಗ್ನೆಟ್ಟಿಗೆ ಅಂಟಲಿಲ್ಲ ಎಂದ ಮಾತ್ರಕ್ಕೆ ಬೆಳ್ಳಿ ಎನ್ನುವಂತಿಲ್ಲ. ಸೀಸದ ಖೋಟಾವೂ ಅಂಟುವುದಿಲ್ಲ.

ಅಡುಗೆಮನೆಯ ಗ್ರಾನೈಟಿನ ಮೇಲೆ ಚಿಮ್ಮಿ ನೋಡಿದೆ. ನನ್ನ ಕೈಯಲ್ಲಿ ಖಾತ್ರಿ ಬೆಳ್ಳಿಯೂ ಸದ್ದು ಮಾಡಲಿಲ್ಲ. ಒಂದು ಉರುಳಿ ಗ್ಯಾಸ್ ಒಲೆಯ ಕೆಳಗೆ ಹೋಯಿತು, ಇನ್ನೊಂದು ಒದ್ದೆ ಹಪ್ಪಳದ ಹಾಗೆ ಬಿತ್ತು. ಸೋತು ಫೋನ್ ಮಾಡಿದೆ.

ಮರುದಿನ ತಂಗಿ ಬಂದವಳೇ ನಕ್ಕಳು. "ಎಂತ ಅಕ್ಕ, ಫ್ರಿಜ್ಜಿನ ಮ್ಯಾಗ್ನೆಟ್ಟಾ? ಕಾನ್ವೆಂಟಲ್ಲಿ ಇದನ್ನೇ ಕಲಿಸಿದ್ದಾ?"

"ನಿನಗೇನು ಮಾರಾಯ್ತಿ. ಅಪ್ಪನ ಫೇವರಿಟ್."

"ಹೌದಾ? ಗಲ್ಲೆ ಮೇಲೆ ಕಪ್ ಇಟ್ಟದ್ದು ಯಾರದ್ದು, ನನ್ನದಾ?"

ಸವೆದ ರೂಪಾಯಿಯೊಂದನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು ಚಿಮ್ಮಿದಳು. ಥೇಟ್ ಅಪ್ಪನ ಕೈ. ಆದರೆ ಅವಳು ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ಚಿಮ್ಮಿದಳು. ಕಿವಿಯ ಮೆಷಿನ್ ಮುಟ್ಟಿಕೊಂಡಳು.

"ಅಕ್ಕ, ಇದು ಹೇಗೆ ಕೇಳಿತು?"

"ಯಾಕೆ, ನಿನಗೆ ಕೇಳಲಿಲ್ವಾ?"

"ಕೇಳ್ತದೆ. ಆದ್ರೆ ಈ ಮೆಷಿನ್‌ನಲ್ಲಿ ಪಾತ್ರೆ ಬಿದ್ರೂ ಒಂದೇ, ಬೆಲ್ ಹೊಡೆದ್ರೂ ಒಂದೇ, ಎಲ್ಲ ತಗಡು. ತೆಗೆದ್ರೆ ಎಂತದೂ ಇಲ್ಲ." ನಾಣ್ಯವನ್ನು ಮತ್ತೆ ಉಗುರಿನ ಮೇಲಿಟ್ಟು ಹೇಳಿದಳು: "ಖೋಟಾ ಬಿದ್ದಲ್ಲೇ ಸಾಯ್ತದೆ, ಬೆಳ್ಳಿ ಬಿದ್ದ ಮೇಲೂ ಸಣ್ಣಗೆ ಹೋಗ್ತಾ ಇರ್ತದೆ ಅಂತ ಅಪ್ಪ ಹೇಳ್ತಿದ್ರು. ನೀನು ಕೇಳಿ ಹೇಳು."

ಅವರು ಅವಳಿಗೆ ಹೇಳಿಕೊಟ್ಟದ್ದು ಇಷ್ಟೇ. ಇಷ್ಟಕ್ಕೆ ನಾನು ಜೀವಮಾನವಿಡೀ ಉರಿದೆ.

ಅವಳು ಚಿಮ್ಮಿದಳು. ತೆಳ್ಳಗಿನ, ಎತ್ತರದ ಒಂದು ಸದ್ದು. ನಾಣ್ಯ ಗ್ರಾನೈಟಿನ ಮೇಲೆ ಅಲುಗಾಡದೆ ಮಲಗಿದ ಮೇಲೂ ಅದು ಎಲ್ಲೋ ಹೋಗುತ್ತಲೇ ಇತ್ತು. ಕೆಳಗೆ ರಿಕ್ಷಾದ ಹಾರ್ನು ಬಂದು ಅದನ್ನು ಮುಚ್ಚಿಬಿಟ್ಟಿತು.

ತಂಗಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಅವಳಿಗೆ ಇನ್ನು ಸಿಗದ್ದು ನನಗೆ ಸಿಕ್ಕಿದೆ ಎಂದು ಅವಳಿಗೂ ಗೊತ್ತಾಗಿತ್ತು. ಆ ನೋಟದಲ್ಲಿದ್ದ ಉರಿ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು!

"ಏನಾಯ್ತು? ಹೇಳು ಅಕ್ಕ."

ಬೆಳ್ಳಿಯೇ, ಅನುಮಾನವಿರಲಿಲ್ಲ.

"ಸರಿಯಾಗಿ ಕೇಳಲಿಲ್ಲ," ಎಂದೆ. "ಇನ್ನೊಂದು ಸಲ ಹಾಕು."