ಒಳಗೆ ಬಿಟ್ಟ ಎರಡು ಇಂಚು

ಮೊನ್ನೆ ಮುಳ್ಳೇರಿಯದ ಆರೋಗ್ಯ ಶಿಬಿರದಲ್ಲಿ ಸಿಸ್ಟರ್ ನನ್ನ ಸೊಂಟಕ್ಕೆ ಅಳತೆ ಟೇಪು ಸುತ್ತಿದಾಗ ಮೂಗಿಗೆ ಅದರ ವಾಸನೆ ಬಡಿಯಿತು. ಬೆವರು ಕುಡಿದ ಹಳೆಯ ರೆಕ್ಸಿನ್ನಿನ ವಾಸನೆ... ನನ್ನ ಮೆಡಿಕಲ್ ಅಂಗಡಿಯ ಪಕ್ಕದ ಕೋಣೆಯಲ್ಲಿ ಹದಿನೈದು ವರ್ಷ ಹೊಲಿಗೆ ಮೆಷಿನ್ ತುಳಿದ ಟೈಲರಣ್ಣನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪಿಗೂ ಇದೇ ವಾಸನೆ ಇತ್ತು. ಸಿಸ್ಟರ್ ಅಳತೆ ಹೇಳಿದರು. ನನ್ನ ಕಿವಿಗೆ ಬೀಳಲಿಲ್ಲ.

ಟೈಲರಣ್ಣ ಯಾರಿಗೆ ಪ್ಯಾಂಟು ಹೊಲಿದರೂ ಹಿಂಬದಿಯ ಹೊಲಿಗೆಯೊಳಗೆ ಎರಡು ಇಂಚು ಬಟ್ಟೆ ಮಡಚಿ ಬಿಡುತ್ತಿದ್ದರು. ಬೇಡವೆಂದರೆ ಕೇಳುವ ಜನವಲ್ಲ. "ಕೂತು ತಿನ್ನುವ ಕೆಲಸ ನಿನ್ನದು. ಹೊಟ್ಟೆ ಬಾರದೆ ಎಲ್ಲಿಗೆ ಹೋಗ್ತದೆ ಮಾರಾಯ?" ಎಂದು ನನ್ನನ್ನು ನೋಡಿ ನಗುತ್ತಿದ್ದರು. ಅವರ ಹೊಟ್ಟೆಯೇನು ಕಡಿಮೆ ಇರಲಿಲ್ಲ. ಸಕ್ಕರೆ, ಬಿಪಿ ಎರಡೂ ಇದ್ದವು. ಮಾತ್ರೆ ನನ್ನ ಅಂಗಡಿಯದ್ದೇ.

ಆಮೇಲಾಮೇಲೆ ಅವರು ಅರ್ಧ ಗಂಟೆಗೊಮ್ಮೆ ಮೆಷಿನ್ ನಿಲ್ಲಿಸಿ ಕಟ್ಟಡದ ಹಿಂದಿನ ಮೂತ್ರಾಲಯಕ್ಕೆ ಹೋಗತೊಡಗಿದರು. ಹೋದವರು ಬೇಗ ಬರುತ್ತಿರಲಿಲ್ಲ. ಒಂದು ದಿನ ಗಿರಾಕಿಗಳ ನಡುವೆ ಕೌಂಟರಿಗೆ ಬಾಗಿ ಮೆಲ್ಲಗೆ ಕೇಳಿದರು, "ಇದು ಸಕ್ಕರೆಯದ್ದೇ ಅಲ್ವಾ? ಬೇರೆ ಎಂತದೂ ಅಲ್ಲ ಅಲ್ವಾ?"

"ಮತ್ತೆಂತ? ಸಕ್ಕರೆಯದ್ದೇ. ಅನ್ನ ಕಡಿಮೆ ಮಾಡಿ," ಎಂದೆ. ತಲೆಯನ್ನೂ ಎತ್ತಲಿಲ್ಲ. ನಾನೇನು ಡಾಕ್ಟರೇ? ಒಮ್ಮೆ ಹೋಗಿ ತೋರಿಸಿ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅನ್ನ ಕಡಿಮೆ ಮಾಡಿದರು, ಪಾಪ. ತೆಳ್ಳಗಾದರು. ತಮ್ಮ ಪ್ಯಾಂಟಿನ ಹೊಲಿಗೆಯನ್ನು ತಿಂಗಳಿಗೊಮ್ಮೆ ಬಿಚ್ಚಿ, ಇನ್ನಷ್ಟು ಒಳಗೆ ಹಿಡಿದು ಹೊಲಿದುಕೊಳ್ಳುತ್ತಿದ್ದರು. ನಾನೋ, "ಭಾರೀ ಲಾಯ್ಕ ಆಯ್ತು ಟೈಲರಣ್ಣ, ಹೊಟ್ಟೆ ಕರಗಿತು," ಎಂದು ಬೆನ್ನು ತಟ್ಟಿದೆ. ಅವರು ನಕ್ಕರೋ ಇಲ್ಲವೋ... ನೆನಪಾಗುತ್ತಿಲ್ಲ. ಬೆನ್ನುನೋವು ತಡೆಯಲಾಗದೆ ಮಂಗಳೂರಿಗೆ ಹೋದಾಗ, ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಹಬ್ಬಿಯಾಗಿತ್ತು. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಶಿಬಿರದ ಡಾಕ್ಟರಿಗೆ ನನ್ನ ಮಗಳ ಪ್ರಾಯ. ಅಳತೆಯ ಚೀಟಿ ನೋಡಿ, ಟೈಲರಣ್ಣನ ವಿಷಯ ಕೇಳಿಸಿಕೊಂಡು ಹೇಳಿದರು, "ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುದಿಲ್ಲ ಅಂಕಲ್. ಒಳಗೊಳಗೇ ಉರಿಯೂತ ಉಂಟು ಮಾಡ್ತದೆ, ಇನ್ಸುಲಿನ್ ಏರಿಸ್ತದೆ, ಹಾರ್ಮೋನಿನ ಹದ ತಪ್ಪಿಸ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಇದರಿಂದಲೇ ಬರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಬಂದರೆ ಜೋರಿನದ್ದು ಬರುವ ಅಪಾಯ ಹೆಚ್ಚು." ಹಾಗಾದರೆ ಆ ಎರಡು ಇಂಚಿಗೆ ನಾವಿಬ್ಬರೂ ನಗುತ್ತಿದ್ದದ್ದು ಈ ಕೊಬ್ಬಿಗೇ.

"ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳ್ತೀರಿ?"

"ಒಂದು ಸಲ," ಎಂದೆ. ನನಗೂ ಸಕ್ಕರೆ ಇದೆ, ಅದೂ ಸಕ್ಕರೆಯದ್ದೇ ಎಂದು ಸೇರಿಸಲು ಬಾಯಿ ತೆರೆದಾಗ ಪ್ಯಾಂಟಿನ ಸೊಂಟ ಹೊಟ್ಟೆಗೆ ಒತ್ತಿತು. ನಾನು ತೊಟ್ಟದ್ದು ಟೈಲರಣ್ಣ ಹೊಲಿದ ಪ್ಯಾಂಟು. ಅವರು ಬಿಟ್ಟ ಎರಡು ಇಂಚನ್ನೂ ಬೇರೆ ಟೈಲರನ ಹತ್ತಿರ ಯಾವತ್ತೋ ಬಿಚ್ಚಿಸಿಯಾಗಿದೆ. ಇನ್ನು ಬಿಡಿಸಲು ಒಳಗೆ ಬಟ್ಟೆಯಿಲ್ಲ.

"ಅಲ್ಲ ಡಾಕ್ಟ್ರೆ, ನಾಲ್ಕು ಸಲ."

ಪ್ರಾಸ್ಟೇಟಿನ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇನೆ. ರಿಪೋರ್ಟು ನಾಳೆ. ಕೌಂಟರಿನ ಹಿಂದೆ ಕೂರುತ್ತೇನೆ, ಏಳುತ್ತೇನೆ, ಮಾತ್ರೆಯ ಡಬ್ಬಗಳನ್ನು ಸುಮ್ಮನೆ ಅತ್ತಿತ್ತ ಇಡುತ್ತೇನೆ. ಪಕ್ಕದ ಕೋಣೆಯಲ್ಲೀಗ ಮೊಬೈಲ್ ಅಂಗಡಿ. ಯಾರ ಕೌಂಟರಿಗಾದರೂ ಬಾಗಿ, ಬೇರೆ ಎಂತದೂ ಅಲ್ಲ ಅಲ್ವಾ ಎಂದು ಮೆಲ್ಲಗೆ ಕೇಳಬೇಕು ಅನಿಸುತ್ತದೆ. ಟೈಲರಣ್ಣ ಅಂದು ನನ್ನಲ್ಲಿ ಕೇಳಿದ್ದು ಎಂಥ ಹೆದರಿಕೆಯಿಂದ ಎಂದು ಈಗ ತಿಳಿಯಿತು. ತಲೆ ಎತ್ತಿ ಅವರ ಮುಖ ನೋಡಬೇಕಿತ್ತು.