ಬ್ಯಾಂಡೇಜ್ ಇಲ್ಲದ ಫೋಟೊ

ಮರಾಠಿ ಸೀಮೆಯ ಈ ಶಿವಾಜಿನಗರದಲ್ಲಿ ನನ್ನದೊಂದು ಫ್ಲೆಕ್ಸ್ ಬ್ಯಾನರ್ ಅಂಗಡಿ. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ನನ್ನ ಗಿರಾಕಿಗಳೇ. ಈ ಸಲ ಪ್ರಚಾರದಲ್ಲಿ ಒಂದು ಪಕ್ಷದ ಕಾರ್ಯಕರ್ತ, ಪಕ್ಕದ ಖಡಕಿಯ ನಮ್ಮ ಕನ್ನಡದವನೇ ಆದ ಬಸಣ್ಣ ಮತ್ತು ಎದುರು ಪಕ್ಷದ ದತ್ತಾ, ಯಾರ ಬ್ಯಾನರ್ ಮೊದಲು ಅಂತ ನನ್ನ ಅಂಗಡಿ ಮುಂದೆಯೇ ಹೊಡೆದಾಡಿದರು. ದತ್ತಾ ಬೀಸಿದ ಕಟ್ಟಿಗೆಯ ಚೌಕಟ್ಟು ಬಸಣ್ಣನ ಹಣೆ ಸೀಳಿತು. ಆಟೊದಲ್ಲಿ ಅವನ ತಲೆ ಹಿಡಿದುಕೊಂಡು ಆಸ್ಪತ್ರೆಗೆ ಹೋದವನು ನಾನು. ಅಂಗಿಯೆಲ್ಲ ರಕ್ತ.

ಫಲಿತಾಂಶ ಬಂತು. ದಿಲ್ಲಿಯಲ್ಲಿ ಯಾರಿಗೂ ಬಹುಮತ ಇಲ್ಲ.

ಕೆಲವೇ ದಿನಕ್ಕೆ ಬಸಣ್ಣ ಬಂದ. ಹಣೆಯ ಬ್ಯಾಂಡೇಜ್ ಇನ್ನೂ ಹಾಗೇ ಇತ್ತು. ಆದರೆ ಅವನು ಇಳಿದದ್ದು ದತ್ತಾನ ಬೈಕಿನಿಂದ! ಹೊರಗಿದ್ದ ಚೌಕಟ್ಟುಗಳನ್ನೆಲ್ಲ ಲಗುಬಗೆಯಿಂದ ಒಳಗೆ ಎಳೆದುಕೊಂಡೆ.

"ಅಣ್ಣಾರ, ಒಂದು ಅಭಿನಂದನೆ ಬ್ಯಾನರ್ ಬೇಕ್ರಿ. ನಮ್ಮಿಬ್ಬರದೂ ಫೋಟೊ, ಬಾಜೂಬಾಜೂಕ," ಅಂದ ಬಸಣ್ಣ.

"ಅಲ್ಲೋ, ಇವನ ಜೋಡಿ?"

"ಮ್ಯಾಲಿನವರು ದಿಲ್ಲ್ಯಾಗ ಒಂದಾಗ್ಯಾರ್ರಿ. ಸರಕಾರ ಆಗಬೇಕಲ್ಲ?"

ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಫೋಟೊ ತೆಗೆದೆ. ಕಂಪ್ಯೂಟರಿನಲ್ಲಿ ಅದನ್ನು ನೋಡಿದ ದತ್ತಾ, ಆ ಬ್ಯಾಂಡೇಜ್ ಚಲೋ ಕಾಣುವುದಿಲ್ಲ, ತೆಗೆಯಿರಿ ಅಂತ ಮರಾಠಿಯಲ್ಲಿ ಹೇಳಿದ. ನಾನು ಬಸಣ್ಣನ ಮುಖ ನೋಡಿದೆ.

"ಹೌದ್ರಿ, ತಗೀರಿ. ನೋಡಿದ ಮಂದಿ ಏನ್ ತಿಳ್ಕೊಂಡಾರು?"

ಅಳಿಸಿದೆ. ಗಾಯ ಎಲ್ಲಿತ್ತೆಂದು ನನಗೇ ಗೊತ್ತಾಗದಷ್ಟು ನುಣುಪಾಯಿತು ಹಣೆ.

ಮನೆಯಲ್ಲಿರುವ ಅಂಗಿಯ ಮೇಲಿನ ರಕ್ತದ ಕಲೆ ಮಾತ್ರ ಎಷ್ಟು ಒಗೆದರೂ ಹೋಗುತ್ತಿಲ್ಲ. ಮೇಲಿನವರು ಒಂದಾದ ಸುದ್ದಿ ಅದಕ್ಕಿನ್ನೂ ಮುಟ್ಟಿದಂತಿಲ್ಲ.