ಆಣೆ ಮಾಡದ ಅಮ್ಮಚ್ಚಿ

ಬಡ್ತಿಯ ಸಂದರ್ಶನಕ್ಕೆ ನಾನು ಮಧ್ಯಾಹ್ನ ಮೂರಕ್ಕೆ ತಿರುವನಂತಪುರದಲ್ಲಿರಬೇಕಿತ್ತು. ಕೊಚ್ಚಿಯಲ್ಲಿ ನಮ್ಮ ಬ್ಯಾಂಕಿಗೆ ಬರುತ್ತಿದ್ದ ವರ್ಗೀಸ್ ಮದರಾಸಿನ ಕಾರ್ ರೇಸಿನಲ್ಲಿ ಕಪ್ ಗೆದ್ದವನು. ಅವನು ಅಮ್ಮಚ್ಚಿ ಎಂದು ಕರೆಯುವ ತಾಯಿಯ ತಂದೆಯೂ ರೇಸಿನವರೇ. "ನಾನೂ ಅಮ್ಮಚ್ಚಿಯೂ ಅಲ್ಲಿಗೇ ಹೊರಟಿದ್ದೇವೆ, ಬನ್ನಿ ಸಾರ್" ಎಂದು ಅವನು ಕರೆದಾಗ ಬಸ್ಸಿನ ಯೋಚನೆಯನ್ನೇ ಬಿಟ್ಟೆ.

ಊರು ದಾಟುವಷ್ಟರಲ್ಲಿ ನನ್ನ ಉತ್ಸಾಹ ಇಳಿಯಿತು. ತೆಂಗಿನ ನಾರು ತುಂಬಿದ ಲಾರಿಯೊಂದರ ಹಿಂದೆ ನಮ್ಮ ಅಂಬಾಸಿಡರ್ ಭಕ್ತಿಯಿಂದ ತೆವಳುತ್ತಿತ್ತು.

"ಇದನ್ನು ದಾಟಬಹುದಲ್ಲ?" ಅಂದೆ.

"ಆಗಲ್ಲ ಸಾರ್. ರೇಸಿಗಿಳಿಯುವವರು ರಸ್ತೆಯಲ್ಲಿ ಯಾರನ್ನೂ ಓವರ್‌ಟೇಕ್ ಮಾಡಬಾರದು ಅಂತ ಅಜ್ಜ ಆಣೆ ಮಾಡಿಸಿಕೊಂಡಿದ್ದಾರೆ."

ಅಲೆಪ್ಪಿಯಲ್ಲಿ ಚಹಾಕ್ಕೆ ನಿಂತಾಗ ಹನ್ನೊಂದೂವರೆ. ನಾನು ಮತ್ತೆ ಮತ್ತೆ ಗಡಿಯಾರ ನೋಡುವುದನ್ನು ಕಂಡು, ಹಿಂದಿನ ಸೀಟಿನಲ್ಲಿದ್ದ ಅಮ್ಮಚ್ಚಿ ಕೆಳಗಿಳಿದರು. ಶಿಲುಬೆಯ ಜಪಮಾಲೆಯನ್ನು ನನ್ನ ಕೈಗಿತ್ತರು.

"ಇದನ್ನು ಹಿಡಿದುಕೊಳ್ಳಿ. ಮೋನೇ, ಚಾವಿ ಕೊಡು" ಎಂದು ಮಗನತ್ತ ಕೈ ಚಾಚಿದರು.

"ನಿಮಗೆ ಆಣೆ ಇಲ್ಲವೇ?" ಎಂದು ಕೇಳಿದೆ.

"ನಮ್ಮಪ್ಪ ನನಗೆ ಕಾರು ಕಲಿಸಿದರು, ಹೆಣ್ಣು ಅಂತ ರೇಸಿಗೆ ಬಿಡಲಿಲ್ಲ. ಹಾಗಾಗಿ ಆಣೆ ಮಾಡಿಸುವ ನೆನಪೂ ಅವರಿಗಾಗಲಿಲ್ಲ."

ಆಮೇಲಿನ ದಾರಿಯಲ್ಲಿ ನಾನು ಕಂಡದ್ದು ಹಿಂದೆ ಬೀಳುವ ಲಾರಿಗಳನ್ನು ಮಾತ್ರ. ಅಮ್ಮಚ್ಚಿ ನಗುತ್ತಿದ್ದರು, ವರ್ಗೀಸ್ ಕಣ್ಣು ಮುಚ್ಚಿದ್ದ.

ಮೂರಕ್ಕೆ ಮುಂಚೆಯೇ ತಲುಪಿದೆ. "ಭಟ್ಟರೇ, ಕೈಯಲ್ಲೇನು?" ಎಂದು ಸಂದರ್ಶನದಲ್ಲಿ ಸಾಹೇಬರು ಕೇಳಿದಾಗಲೇ ಗೊತ್ತಾದದ್ದು, ಜಪಮಾಲೆಯನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದೆ.

ಬಡ್ತಿ ಸಿಕ್ಕಿತು. ಉಡುಪಿಯ ಕೃಷ್ಣ ಕೊಡಿಸಿದನೋ, ಅಮ್ಮಚ್ಚಿಯ ಏಸು ಕೊಡಿಸಿದನೋ, ನಾನು ವಿಚಾರಿಸಲು ಹೋಗಲಿಲ್ಲ. ದಾರಿಯುದ್ದಕ್ಕೂ ಇಬ್ಬರನ್ನೂ ಕರೆದಿದ್ದೆ.